ಪಿತ್ರಾರ್ಜಿತ ಮೀಸೆ ಮತ್ತು ಹರಾಜಿನ ಲ್ಯಾಪ್‌ಟಾಪು

ಕಥೆಯನ್ನು ಗಾದೆಯಿಂದ ಆರಂಭಿಸುವುದು ಹಿರಿಯರ ಕ್ರಮ. ಆದರೆ ಹರಾಜಿನಲ್ಲಿ ಕೊಂಡ ಲ್ಯಾಪ್‌ಟಾಪಿನ ಬಗ್ಗೆ ನಮ್ಮ ಹಿರಿಯರು ಒಂದೇ ಒಂದು ಗಾದೆಯನ್ನೂ ಮಾಡಿಟ್ಟು ಹೋಗಿಲ್ಲ. ಇದು ಅವರ ದೂರದೃಷ್ಟಿಯ ದೋಷವೇ ಹೊರತು ನಮ್ಮದಲ್ಲ. ಆದ್ದರಿಂದ ನೇರ ಸತ್ಯಕ್ಕೇ ಬರೋಣ. ಇದು ಹುಬ್ಬಳ್ಳಿ-ಧಾರವಾಡಗಳ ನಡುವಿನ ಸತ್ತೂರಿನಲ್ಲಿ ನಡೆದ ಅಪ್ಪಟ ಖರೇ ಸಂಗತಿ. ಸಾಕ್ಷಿಗೆ ಒಂದು ಲ್ಯಾಪ್‌ಟಾಪು, ಒಂದು ಒಣ ಎಲೆ ಮತ್ತು ಅರ್ಧ ಮೀಸೆ ಇವೆ. ಇದಕ್ಕಿಂತ ಕಡಿಮೆ ಸಾಕ್ಷಿಯ ಮೇಲೆ ನಮ್ಮ ಕಡೆ ಎಕರೆಗಟ್ಟಲೆ ಜಮೀನಿನ ವ್ಯಾಜ್ಯಗಳು ಇತ್ಯರ್ಥವಾಗಿವೆ.

ಗಿರಿಯಪ್ಪನವರು ಜಮೀನು ದಾಖಲೆಗಳ ಕಚೇರಿಯೊಂದರಲ್ಲಿ ಪ್ರಥಮ ದರ್ಜೆ ಸಹಾಯಕರು. ಅಮ್ಮಿನಬಾವಿಯ ರೈತನಿರಲಿ, ಮುಗದದ ಮುದುಕಿಯಿರಲಿ, ಮೇಜಿನ ಮುಂದೆ ಬಂದವರಿಗೆ ಅವರ ಮೊದಲ ಪ್ರಶ್ನೆ ಒಂದೇ: “ಪಿತ್ರಾರ್ಜಿತೋ, ಸ್ವಯಾರ್ಜಿತೋ?” ಅಪ್ಪನಿಂದ ಬಂದದ್ದೋ ಸ್ವಂತ ಗಳಿಸಿದ್ದೋ ಎಂದು ತಿಳಿಯದ ಹೊರತು ಅವರಿಗೆ ಲೋಕದ ಯಾವ ವಸ್ತುವೂ ಪೂರ್ತಿ ಅರ್ಥವಾಗುತ್ತಿರಲಿಲ್ಲ. ಮದುವೆಯ ಪಂಕ್ತಿಯಲ್ಲಿ ಪಕ್ಕದವನ ಉಂಗುರ ನೋಡಿ ಹಾಗೆಯೇ ಕೇಳಿ, ಹೋಳಿಗೆಯ ಸರದಿ ತಪ್ಪಿಸಿಕೊಂಡದ್ದೂ ಉಂಟು.

ಅವರದೇ ಆಸ್ತಿಯಲ್ಲಿ ಪಿತ್ರಾರ್ಜಿತವೆಂದರೆ ಮೀಸೆ. ತುದಿ ಎರಡೂ ಮೇಲಕ್ಕೆ ತಿರುಗಿದ, ಗೋಡೆಯ ಮೇಲಿನ ಅಪ್ಪನ ಫೋಟೋದಲ್ಲಿರುವುದರ ದೃಢೀಕೃತ ನಕಲು. ಸ್ವಯಾರ್ಜಿತವೆಂದರೆ, ಮುಚ್ಚಿಹೋದ ಯಾವುದೋ ಕಂಪನಿಯ ಹರಾಜಿನಲ್ಲಿ ಸ್ವತಃ ಕೂಗಿ ಗೆದ್ದ ಲ್ಯಾಪ್‌ಟಾಪು. ಕಪ್ಪು, ದಪ್ಪ, ತೂಕದಲ್ಲಿ ಒರಳುಕಲ್ಲಿಗೆ ತಂಗಿ. ಬ್ಯಾಟರಿ ಎಂದೋ ಸತ್ತಿದ್ದರಿಂದ ಕರೆಂಟಿನ ವಾಯರು ಕಚ್ಚಿಕೊಂಡೇ ಬದುಕುತ್ತಿತ್ತು. “ದೊಡ್ಡ ದೊಡ್ಡ ಸಾಹೇಬ್ರು ವಾಪರಿಸಿದ್ದು ಇದು. ಈಗಿನೂ ಹಪ್ಪಳಾ, ಇದು ರೊಟ್ಟಿ!” ಎನ್ನುತ್ತಿದ್ದರು ಗಿರಿಯಪ್ಪನವರು.

ವಿಜಯದಶಮಿಯ ಸಂಜೆ ಊರೆಲ್ಲ ಬನ್ನಿ ಎಲೆ ಕೊಟ್ಟು ತೆಗೆದುಕೊಂಡು, ಬಂಗಾರದ ಹಾಗೆ ಇರೋಣ ಎಂದು ಹಾರೈಸಿಕೊಳ್ಳುತ್ತಿತ್ತು. ಗಿರಿಯಪ್ಪನವರು ತಾಯಿಗೆ ಕೊಟ್ಟರು, ಹೆಂಡತಿಗೆ ಕೊಟ್ಟರು, ಸ್ಕೂಟರಿಗೆ ಸಿಕ್ಕಿಸಿದರು. ಕೊನೆಗೆ ಲ್ಯಾಪ್‌ಟಾಪಿನ ಮುಚ್ಚಳ ತೆರೆದು, ಕೀಲಿಗಳ ಮೇಲೆ ಒಂದು ಬನ್ನಿಯ ಟೊಂಗೆ ಮಲಗಿಸಿ, “ನೀನೂ ಬಂಗಾರದಂಗ ಇರಪಾ” ಎಂದು ಮುಚ್ಚಳ ಒತ್ತಿ ಮುಚ್ಚಿದರು. ಮರುದಿನ ಬೆಳಿಗ್ಗೆ ಟೊಂಗೆಯನ್ನು ತೆಗೆದು ದೇವರ ಜಗಲಿಗೆ ಇಟ್ಟು ಗುಂಡಿ ಒತ್ತಿದರು.

ಎಂದಿನ ಚಿತ್ರ ಬರಲಿಲ್ಲ. ಇಂಗ್ಲಿಷಿನ ಸಾಲುಗಳು ತುಂಬಿದ ಬೂದು ಬಣ್ಣದ ಪುಟವೊಂದು ಬಂತು. ಯಂತ್ರದ ಒಳಗಿನ ಏರ್ಪಾಡುಗಳನ್ನೆಲ್ಲ ಬರೆದಿಟ್ಟಿರುವ ಈ ಪುಟಕ್ಕೆ ಬಲ್ಲವರು ಸೆಟಪ್ ಅನ್ನುತ್ತಾರೆ. ಬಲ್ಲವರು ಅದನ್ನು ಮುಟ್ಟುವುದಿಲ್ಲ. ಗಿರಿಯಪ್ಪನವರು ಕನ್ನಡಕ ಹಾಕಿಕೊಂಡರು.

“ಲೋಹಿತಾ, ಲೆಗಸಿ ಅಂದ್ರ ಏನೋ?”

ಲೋಹಿತ ಅವರ ಅಕ್ಕನ ಮಗ. ಇಂಗ್ಲಿಷ್ ಎಂ.ಎ. ಮಾಡಿ ಧಾರವಾಡದ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ, ಮಾಮಾನ ಮನೆಯಲ್ಲಿ ಕಾಯಂ ಅತಿಥಿ. ಇನ್ನೊಬ್ಬರ ದನಿ ಅನುಕರಿಸುವುದರಲ್ಲಿ ಎತ್ತಿದ ಕೈ. ಪ್ರಿನ್ಸಿಪಾಲರ ಕೆಮ್ಮನ್ನು ಅವರಿಗಿಂತ ಚೆನ್ನಾಗಿ ಕೆಮ್ಮುತ್ತಿದ್ದ.

“ಅಪ್ಪ ಅಜ್ಜನಿಂದ ಬಂದದ್ದು, ಮಾಮಾ.”

“ಅಂದ್ರ ಪಿತ್ರಾರ್ಜಿತ?” ಗಿರಿಯಪ್ಪನವರ ಮೀಸೆ ನೆಟ್ಟಗಾಯಿತು. “ಎಂಥಾ ಖೊಟ್ಟಿ ದಾಖಲಿ ಇದು! ಬಿಸಿಲಾಗ ನಿಂತು ಹರಾಜ್ ಕೂಗಿ ತಗೊಂಡೇನಿ. ನಮ್ಮಪ್ಪ ಇದನ್ನ ಕಣ್ಲೆ ನೋಡಿಲ್ಲ. ನಾಳೆ ನನ್ನ ತಮ್ಮ ಬಂದು ಪಾಲು ಕೇಳಿದ್ರ ನೀ ಕೊಡ್ತಿಯೇನು?”

ಅವರು ತಕ್ಷಣ ‘ಲೆಗಸಿ’ಯನ್ನು ಅಳಿಸಿ ಅದರ ಬದಲಿಯನ್ನು ಆರಿಸಿ ತಿದ್ದುಪಡಿ ಮಾಡಿದರು. ಅದು ಹಳೆಯ ಪದ್ಧತಿಯಲ್ಲಿ ಯಂತ್ರವನ್ನು ಎಬ್ಬಿಸುವ ಏರ್ಪಾಡಾಗಿತ್ತು. ಅದನ್ನು ಕಳೆದುಕೊಂಡ ಯಂತ್ರ, ನನ್ನೊಳಗಿನ ಡಿಸ್ಕು ನನಗೇ ಸಿಗುತ್ತಿಲ್ಲ ಎಂದಿತು. ಗಿರಿಯಪ್ಪನವರು ಬಿಡಲಿಲ್ಲ. ಕೆಳಗೆ ಇನ್ನೊಂದು ಸಾಲು, ಮೂಲ ತಂತ್ರಾಂಶವನ್ನು ಹೊಸದು ಮಾಡಲೇ ಎಂದು ವಿನಯದಿಂದ ಕೇಳುತ್ತಿತ್ತು. ಕಚೇರಿಯಲ್ಲಿ ಅವರನ್ನು ಅಷ್ಟು ವಿನಯದಿಂದ ಯಾರೂ ಕೇಳಿದ್ದಿಲ್ಲ. “ಮಾಡು” ಅಂದರು.

ಅದು ಅರ್ಧ ಆಗಿರಬೇಕು, ಹೆಂಡತಿ ಪ್ರಭಾವತಿ ಮಿಕ್ಸರ್ ಎತ್ತಿಕೊಂಡು ಬಂದರು. “ಏನ್ರಿ, ಅಡಗಿಮನಿ ಪ್ಲಗ್ ಸುಟ್ಟೇತಿ. ನಿಮಗ ಈ ಹಳೇ ಡಬ್ಬಿ ಬೇಕೋ, ಶೇಂಗಾ ಚಟ್ನಿ ಬೇಕೋ?” ಎಂದು ಕೇಳಿ, ಉತ್ತರಕ್ಕೆ ಕಾಯದೆ ವಾಯರು ಕಿತ್ತರು.

ಪರದೆ ಕಪ್ಪಾಯಿತು. ಮತ್ತೆ ಕರೆಂಟು ಕೊಟ್ಟರೂ ಕಪ್ಪೇ. ಕೀಲಿಮಣೆಯ ಮೂಲೆಯ ಸಣ್ಣ ದೀಪ ಮಾತ್ರ ಎರಡು ಸಲ ಮಿನುಗುವುದು, ಸುಮ್ಮನಾಗುವುದು, ಮತ್ತೆ ಎರಡು ಸಲ ಮಿನುಗುವುದು. ಗಿರಿಯಪ್ಪನವರ ತಾಯಿ ಮುತ್ತವ್ವ ಬಗ್ಗಿ ನೋಡಿ ಕೂಗಿದಳು: “ಏ ಗಿರ‍್ಯಾ, ಕಣ್ಣ ಮಿಟಕಸಾಕತ್ತೇತಿ ನೋಡೋ! ಜೀವ ಐತಿ!”

ಜೀವ ಐತಿ. ಈ ಎರಡು ಶಬ್ದ ಗಿರಿಯಪ್ಪನವರ ಎದೆಯಲ್ಲಿ ಕೂತುಬಿಟ್ಟವು.

ದೊಡ್ಡ ಆಸ್ಪತ್ರೆಯ ನೆರಳಿನಲ್ಲಿ ಬದುಕುವುದರಿಂದ ಸತ್ತೂರಿನಲ್ಲಿ ಪ್ರತಿಯೊಬ್ಬನೂ ಅರ್ಧ ಡಾಕ್ಟರು. ಸಂಜೆಯ ಹೊತ್ತಿಗೆ ಓಣಿಯ ಮಂದಿಯೆಲ್ಲ ರೋಗಿಯನ್ನು ನೋಡಲು ಬಂದರು. ಒಬ್ಬರು ಹಣೆ ಮುಟ್ಟಿದಂತೆ ಪರದೆ ಮುಟ್ಟಿ “ತಣ್ಣಗಾಗೇತ್ರಿ” ಎಂದರು. ಇನ್ನೊಬ್ಬರು ಬಾಳೆಹಣ್ಣು ತಂದಿದ್ದರು. ಕೊನೆಗೆ ಬಂದವರು ಬಡಾವಣೆಯ ಸಂಘದ ಖಜಾಂಚಿ ಹುಲಗೇಶ. ಖಾಲಿ ಜಾಗದಲ್ಲಿ ಉದ್ಯಾನ ಮಾಡಿಸಬೇಕೆಂದು ಸಂಘ ಓಡಾಡುತ್ತಿತ್ತು. ರವಿವಾರದ ಸಭೆಗೆ ಪಾಲಿಕೆಯ ಇಂಜಿನಿಯರ್ ಮೇಡಂ ಬರುವವರಿದ್ದರು. ಉದ್ಯಾನದ ನಕಾಶೆಯನ್ನು ಕಾರ್ಯದರ್ಶಿ ಗಿರಿಯಪ್ಪನವರು ಸ್ವಂತ ಕೈಯಿಂದ ಗೀಚಿ ಇಟ್ಟಿದ್ದದ್ದು ಇದೇ ಲ್ಯಾಪ್‌ಟಾಪಿನಲ್ಲಿ.

“ಸಂಘಕ್ಕೊಂದು ಹೊಸಾದು ತಗೊಳ್ಳೋಣು ಅಂತ ಬಡಕೊಂಡೆ,” ಎಂದರು ಹುಲಗೇಶ. “ನಂದಿರೂತನ ಹೊಸಾದ್ಯಾಕ ಅಂದ್ರಿ. ಈಗ ನಕಾಶಿ ಎಲ್ಲಿ? ಮೇಡಂ ಮುಂದ ಡಬ್ಬಿ ಬಡದು ತೋರಸ್ತೀರೇನು? ಗುಜರಿಗೆ ಹಾಕ್ರಿ ಗಿರಿಯಪ್ಪಣ್ಣ. ಬದಲಿಗೆ ಒಂದ ಪ್ಲಾಸ್ಟಿಕ್ ಕೊಡಾ ಆದ್ರೂ ಬರತೈತಿ.”

ಮಂದಿ ನಕ್ಕಿತು. ಗಿರಿಯಪ್ಪನವರು ಎದ್ದು ನಿಂತರು.

“ಹುಲಗೇಶಪ್ಪಾ, ರವಿವಾರ ಇದರ ಮ್ಯಾಲೇ ನಕಾಶಿ ತೋರಸ್ತೇನಿ. ಇಲ್ಲಂದ್ರ ಅದ ಸಭಾದಾಗ, ಎಲ್ಲಾರ ಮುಂದ, ಮೀಸಿ ಬೋಳಸ್ಕೋತೇನಿ!”

ಮುತ್ತವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. “ಯಪ್ಪಾ, ನಿಮ್ಮಪ್ಪ ಮೀಸಿ ಬಿಟ್ರ ಮತ್ತೇನೂ ಇಟ್ಟು ಹೋಗಿಲ್ಲೋ! ಅದನ್ನೂ ಕಳೀತಿಯೇನು?”

ಮರುದಿನ ಗಿರಿಯಪ್ಪನವರು ಲ್ಯಾಪ್‌ಟಾಪನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಹುಬ್ಬಳ್ಳಿಯ ಆಫ್ತಾಬನ ಅಂಗಡಿಗೆ ಹೋದರು. ಆಫ್ತಾಬನ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದ, ಅಪ್ಪ ರೇಡಿಯೋ, ಇವನು ಲ್ಯಾಪ್‌ಟಾಪು.

“ಹಂಗಾರ ಅಂಗಡಿ ಪಿತ್ರಾರ್ಜಿತ,” ಎಂದರು ಗಿರಿಯಪ್ಪನವರು ಸಮಾಧಾನದಿಂದ.

ಆಫ್ತಾಬ ದೀಪ ಮಿನುಗುವುದನ್ನು ನೋಡಿ ತಲೆಯಾಡಿಸಿದ. “ಸರ್ರ, ಇದಕ್ಕ ನೆನಪ ಹೋಗೇತಿ. ಎದ್ದ ಕೂಡ್ಲೆ ನಾ ಯಾರು, ನನ್ನ ಕೈ ಎಲ್ಲಿ, ಕಾಲ ಎಲ್ಲಿ ಅಂತ ಹೇಳಿ ಕೊಡೂದೊಂದು ಇದರೊಳಗ ಬರದಿರತೈತಿ. ಫರ್ಮ್‌ವೇರ್ ಅಂತಾರ. ಅದನ್ನ ಅರ್ಧಾ ಬರಿಯೂದ್ರಾಗ ಕರೆಂಟ್ ಕಿತ್ತೀರಿ ನೀವು.”

“ನಾ ಕಿತ್ತಿಲ್ಲ. ಶೇಂಗಾ ಚಟ್ನಿ.”

ಆಫ್ತಾಬ ಒಂದು ಪೆನ್‌ಡ್ರೈವ್ ಸಿಕ್ಕಿಸಿದ. ಎಡಗೈಯಿಂದ ಎರಡು ಕೀಲಿ ಅದುಮಿ ಹಿಡಿದು, ಬಲಗೈಯಿಂದ ಚಾಲೂ ಗುಂಡಿ ಒತ್ತಿ, ಉಸಿರು ಹಿಡಿದು ನಿಂತ. ಒಳಗಿನ ಫ್ಯಾನು ಹೂಂಕರಿಸಿತು. ಕೈ ಬಿಟ್ಟ. ಪರದೆ ಬೆಳಗಿತು! ಪಕ್ಕದ ಅಂಗಡಿಯವರೂ ಚಪ್ಪಾಳೆ ತಟ್ಟಿದರು. ಹಳೆಯ ಏರ್ಪಾಡುಗಳೆಲ್ಲ ಮರಳಿ ಬಂದಿದ್ದವು, ಲೆಗಸಿ ಸಮೇತ. “ಇದರ ಮ್ಯಾಲ ಕೈ ಇಟ್ಟೀರಿ ಮತ್ತ!” ಎಂದು ಆಫ್ತಾಬ ಬೆರಳು ತೋರಿಸಿದ. ಗಿರಿಯಪ್ಪನವರು ಅವಮಾನ ನುಂಗಿಕೊಂಡರು.

ಆದರೆ ಬಂದ್ ಮಾಡಿ ಚಾಲೂ ಮಾಡಿದರೆ ಮತ್ತದೇ ಬೂದು ಪುಟ. ಇನ್ನೊಮ್ಮೆ ಮಾಡಿದರೂ ಬೂದು ಪುಟ. ಆಫ್ತಾಬ ಹಿಂಬದಿ ಬಿಚ್ಚಿದ, ಊದಿದ, ಬ್ರಶ್ಶಿನಿಂದ ಒರೆಸಿದ, ಮುಚ್ಚಿದ. ಬೂದು ಪುಟ ಕದಲಲಿಲ್ಲ.

“ಬೋರ್ಡ್ ಹೋಗೇತ್ರಿ ಸರ್ರ. ಮಣ್ಣ ಮಾಡ್ರಿ.”

“ಈಗರೆ ನೆನಪ ಹೋಗೇತಿ ಅಂದಿ, ಈಗ ಮಣ್ಣ ಮಾಡ್ರಿ ಅಂತೀಯಲ್ಲೊ! ಕಣ್ಣ ಮಿಟಕಿಸಿದ್ದು ನಮ್ಮವ್ವ ನೋಡ್ಯಾಳ!” ಗಿರಿಯಪ್ಪನವರು ರೋಗಿಯನ್ನು ಮತ್ತೆ ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು.

ಮನೆಗೆ ಬಂದವರೇ ಕಂಪನಿಯ ಸಹಾಯವಾಣಿಗೆ ಫೋನು ಹಚ್ಚಿದರು. ಅತ್ತಲಿನ ಹುಡುಗಿ, ಆ ಮಾದರಿಯ ಸೇವೆ ಮುಗಿದಿದೆ, ಅದು ಈಗ ನಿವೃತ್ತ ಎಂದಳು.

“ನಿವೃತ್ತಿ ಆಗೇತಿ? ಛಲೋ ಆತು. ಹಂಗಾರ ಪಿಂಚಣಿ ಕೊಡ್ರಿ! ಇಷ್ಟ ವರ್ಷ ದುಡದೇತಿ, ಒಂದ ದಿನ ರಜಾ ಹಾಕಿಲ್ಲ. ನಿಮ್ಮ ಮ್ಯಾಲಿನ ಸಾಹೇಬ್ರಿಗೆ ಹೇಳ್ರಿ, ಸತ್ತೂರಿನ ಗಿರಿಯಪ್ಪ ಬಿಡಾಂವಲ್ಲ ಅಂತ!”

ಫೋನು ಕಟ್ಟಾಯಿತು. ಪಕ್ಕದ ಕೋಣೆಯಲ್ಲಿ ದಿಂಬು ಕಚ್ಚಿಕೊಂಡು ನಗುತ್ತಿದ್ದ ಲೋಹಿತನ ತಲೆಯಲ್ಲಿ ಅದೇ ಹೊತ್ತಿಗೆ ಒಂದು ದೀಪ ಮಿನುಗಿತು.

ಶನಿವಾರ ಮುಂಜಾನೆ ಗಿರಿಯಪ್ಪನವರ ಮೊಬೈಲಿಗೆ ಗುರುತಿಲ್ಲದ ನಂಬರಿನಿಂದ ಕರೆ ಬಂತು.

“ನಮಸ್ಕಾರ ಸಾರ್. ಹೆಡ್ ಆಫೀಸಿಂದ ಚೀಫ್ ಇಂಜಿನಿಯರ್ ಮಾತಾಡ್ತಿರೋದು. ನಿಮ್ಮ ಪಿಂಚಣಿ ವಿಷ್ಯ ಮೇಲಿನವರ್ಗೂ ಹೋಯ್ತು ಸಾರ್. ನಮ್ಮ ಎಂಡಿ ಸಾಹೇಬ್ರು ಕೇಳಿ ಕಣ್ಣೀರು ಹಾಕ್ಬಿಟ್ರು.”

ಗಿರಿಯಪ್ಪನವರು ಕುರ್ಚಿಯಿಂದ ಎದ್ದು ನಿಂತು ಮಾತಾಡತೊಡಗಿದರು. ಚೀಫ್ ಇಂಜಿನಿಯರು ಮಾತಾಡುತ್ತಿದ್ದದ್ದು ಅದೇ ಮನೆಯ ಮಾಳಿಗೆಯ ಮೇಲೆ, ಒಣಹಾಕಿದ್ದ ಸೀರೆಗಳ ನಡುವೆ ಕೂತು, ಗೆಳೆಯನ ಫೋನಿನಲ್ಲಿ.

“ಒಂದು ಗುಪ್ತ ವಿಧಾನ ಇದೆ ಸಾರ್, ಹೊರಗಡೆ ಯಾರ್ಗೂ ಹೇಳಲ್ಲ. ಬರಿಗಾಲಲ್ಲಿ ಮಣೆ ಮೇಲೆ ನಿಂತ್ಕೊಳ್ಳಿ. ಮುಚ್ಚಳ ತೆಗ್ದು, ಮಗೂನ ಹಾಕ್ಕೊಳ್ಳೋ ಥರ ಯಂತ್ರಾನ ಬೋರಲಾಗಿ ಹೆಗಲ ಮೇಲೆ ಹಾಕ್ಕೊಳ್ಳಿ. ಮೆತ್ತಗೆ ಬೆನ್ನು ತಟ್ಟಿ. ತಟ್ತಾ ತಟ್ತಾ ಜೋಗುಳ ಹಾಡಿ.”

“ಜೋಗುಳಾ?”

“ಸೌಂಡ್ ಫ್ರೀಕ್ವೆನ್ಸಿ ಸಾರ್. ಆಮೇಲೆ ಚಾಲೂ ಮಾಡಿ. ಒಂದೇ ಷರತ್ತು, ನಾಲ್ಕು ಜನ ಸಾಕ್ಷಿಗಳ ಮುಂದೆ ಮಾಡ್ಬೇಕು. ಕಂಪನಿ ನಿಯಮ.”

ಗಿರಿಯಪ್ಪನವರಿಗೆ ಅನುಮಾನ ಬರಲಿಲ್ಲವೇ ಎಂದು ಓದುಗರು ಕೇಳಬಹುದು. ಯಾಕೆ ಬರಬೇಕು? ಎರಡು ಕೀಲಿ ಅದುಮಿ, ಮೂರನೆಯದನ್ನು ಒತ್ತಿ, ಫ್ಯಾನು ಹೂಂ ಅಂದಾಗ ಕೈ ಬಿಡುವುದು ಶಾಸ್ತ್ರವಾದರೆ ಜೋಗುಳ ಯಾಕೆ ಶಾಸ್ತ್ರವಲ್ಲ? ಸಾಕ್ಷಿಗಳ ನಿಯಮವಂತೂ ಅವರಿಗೆ ಬಹಳ ಹಿಡಿಸಿತು. ಸಾಕ್ಷಿಯಿಲ್ಲದ ಯಾವುದನ್ನೂ ಅವರು ಜನ್ಮದಲ್ಲಿ ನಂಬಿದವರಲ್ಲ. ಸಂಜೆ ಬಚ್ಚಲಿನಲ್ಲಿ ಜೋಗುಳದ ತಾಲೀಮು ನಡೆಯಿತು. ಪ್ರಭಾವತಿ ಬಾಗಿಲು ಬಡಿದರು. “ಏನ್ರಿ, ಆರಾಮ ಅದೀರಲ್ಲ? ನಮ್ಮ ಮನ್ಯಾಗ ತೊಟ್ಲಾ ತೂಗೂ ಕೂಸ ಯಾವುದೂ ಇಲ್ರಿ!”

ರವಿವಾರ ಸಂಘದ ತಗಡು ಹೊದಿಸಿದ ಪತ್ರಾಸ್ ಶೆಡ್ಡಿನಲ್ಲಿ ಸಭೆ ತುಂಬಿತ್ತು. ಪಾಲಿಕೆಯ ಇಂಜಿನಿಯರ್ ಸುಲ್ತಾನಾ ಮೇಡಂ ಮೇಜಿನ ಮುಂದೆ ಕೂತಿದ್ದರು. ಅವರು ಅಪರೂಪಕ್ಕೂ ನಗುವವರಲ್ಲ. ಹುಲಗೇಶ ಮುಂದಾಲೋಚನೆಯಿಂದ ಮೂಲೆಯ ಸಲೂನಿನ ದಾನಿಶನನ್ನೂ ಕರೆತಂದಿದ್ದರು.

“ಕತ್ತಿ ತರಲ್ಯೋ ಟ್ರಿಮ್ಮರ್ ತರಲ್ಯೋ ಅಂದೆ ಕಾಕಾ,” ಎಂದ ದಾನಿಶ ನಾಚುತ್ತ. “ಹುಲಗೇಶಣ್ಣ ಎರಡೂ ತಾ ಅಂದ್ರು.”

ಗಿರಿಯಪ್ಪನವರು ಚಪ್ಪಲಿ ಬಿಟ್ಟರು. ಮನೆಯಿಂದ ತಂದ ಮಣೆಯ ಮೇಲೆ ನಿಂತರು. ಲ್ಯಾಪ್‌ಟಾಪನ್ನು ಹೆಗಲಿಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಮೆಲ್ಲಗೆ ಬೆನ್ನು ತಟ್ಟುತ್ತ “ಜೋ… ಜೋ… ನನ ಕಂದಾ…” ಎಂದು ಶುರು ಮಾಡಿದರು.

ಸಭೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹಿಂದಿನ ಸಾಲಿನಲ್ಲಿ ಲೋಹಿತ ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದ.

“ಇದು ಉದ್ಯಾನದ ನಕಾಶಿಯೊಳಗ ಬರತೈತೇನ್ರಿ?” ಎಂದರು ಸುಲ್ತಾನಾ ಮೇಡಂ.

“ಮಕ್ಕಳ ವಿಭಾಗ ಇರಬೇಕ್ರಿ ಮೇಡಂ,” ಎಂದರು ಹುಲಗೇಶ.

ಶೆಡ್ಡು ಒಡೆಯುವಂತೆ ನಗೆ ಎದ್ದಿತು. ಗಿರಿಯಪ್ಪನವರು ಜೋಗುಳ ಮುಗಿಸಿಯೇ ಕೆಳಗಿಳಿದರು. ವಾಯರು ಸಿಕ್ಕಿಸಿದರು. ಗುಂಡಿ ಒತ್ತಿದರು.

ಬೂದು ಪುಟ.

ಹುಲಗೇಶ ಕುರ್ಚಿಯ ಧೂಳು ಒರೆಸಿದರು. ಯಾರೂ ಹೇಳುವ ಮೊದಲೇ ಗಿರಿಯಪ್ಪನವರು ಹೋಗಿ ಅದರ ಮೇಲೆ ಕೂತು ಗದ್ದ ಎತ್ತಿದರು. “ಮಾತಂದ್ರ ಮಾತು. ಹಚ್ಚಲೇ ದಾನಿಶಾ. ಆದರ ಒಂದ ತಿಳಕೋರಿ ಎಲ್ಲಾರೂ. ಮೀಸಿ ಹೋದ್ರೂ ಈ ಲ್ಯಾಪ್‌ಟಾಪ್ ಗುಜರಿಗೆ ಹಾಕೂದಿಲ್ಲ. ಸತ್ತರ ಹಾಕೂದಿಲ್ಲ!”

ದಾನಿಶ ನೊರೆ ಹಚ್ಚಿದ. ಮುತ್ತವ್ವ ಗೋಡೆಯ ಕಡೆ ಮುಖ ತಿರುಗಿಸಿದಳು. ಕತ್ತಿ ಸರ‍್ರೆಂದಿತು. ಮೀಸೆಯ ಬಲಭಾಗ ಟವೆಲ್ಲಿನ ಮೇಲೆ ಬಿತ್ತು. ಲೋಹಿತನ ನಗು ಅಲ್ಲೇ ಒಣಗಿತು. ಈ ಮೀಸೆಯನ್ನು ಎಳೆದೇ ಅವನು ನಡೆಯಲು ಕಲಿತವನು. ಕತ್ತಿ ಎಡಕ್ಕೆ ತಿರುಗಿದಾಗ ತಡೆಯಲಾರದೆ ಕೂಗಿಬಿಟ್ಟ. ಆದರೆ ಎರಡು ದಿನದ ತಾಲೀಮಿನಿಂದ ಬಾಯಲ್ಲಿ ಕೂತಿದ್ದ ದನಿಯೇ ಹೊರಬಿತ್ತು:

“ನಿಲ್ಸಿ ಸಾರ್! ನಿಲ್ಸಿ!”

ಗಿರಿಯಪ್ಪನವರು ಕತ್ತಿ ಸರಿಸಿ ಮೆಲ್ಲಗೆ ತಿರುಗಿದರು. “ಚೀಫ್ ಇಂಜಿನಿಯರ್ ಸಾಹೇಬ್ರು… ಸತ್ತೂರಿಗೆ ಯಾವಾಗ ಬಂದ್ರಿ?”

“ತಪ್ಪಾತು ಮಾಮಾ!” ಲೋಹಿತ ಓಡಿಬಂದು ಕಾಲು ಹಿಡಿದ. “ಎಲ್ಲಾ ನಂದ ಮಾಮಾ. ಮಣಿ, ಜೋಗುಳ, ಎಂಡಿ ಸಾಹೇಬ್ರ ಕಣ್ಣೀರು, ಎಲ್ಲಾ!”

“ಅಯ್ಯ ಭಾಡ್ಯಾ!” ಎಂದರು ಪ್ರಭಾವತಿ. ಹುಲಗೇಶ ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಈಗ ಗಿರಿಯಪ್ಪನವರು ಅಳಿಯನ ಕಿವಿ ಹಿಂಡುತ್ತಾರೆ ಎಂದು ಸಭೆ ಕಾದಿತ್ತು. ಅವರು ಕೊರಳಿನ ಟವೆಲ್ಲು ಬೀಸುತ್ತ, ಅರ್ಧ ನೊರೆ, ಅರ್ಧ ಮೀಸೆಯಲ್ಲೇ ಎದ್ದರು. ಮತ್ತೆ ಮಣೆ ಏರಿದರು.

“ಇಂಜಿನಿಯರ್ ಖೊಟ್ಟಿ ಇರಬಹುದು. ವಿಧಾನ ಯಾಕ ಖೊಟ್ಟಿ ಇರಬೇಕು? ಹೋದ ಸಲ ಮೆತ್ತಗ ತಟ್ಟಿದ್ದ ತಪ್ಪಾತು!”

“ಬಿಡ್ರಿ ಗಿರಿಯಪ್ಪಣ್ಣ…” ಎಂದು ಹುಲಗೇಶ ಅನ್ನುವಷ್ಟರಲ್ಲಿ ಅವರು ಲ್ಯಾಪ್‌ಟಾಪನ್ನು ತಲೆಕೆಳಗು ಹಿಡಿದು, ಲೋಹಿತನ ಬೆನ್ನಿಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಏಟನ್ನು ಅದರ ಬೆನ್ನಿಗೆ ಕೊಟ್ಟರು. ಧಡಲ್!

ಕೀಲಿಗಳ ಸಂದಿಯಿಂದ ಏನೋ ಸಣ್ಣದೊಂದು ಉದುರಿ ಸುಲ್ತಾನಾ ಮೇಡಂ ಮುಂದೆ ಬಿತ್ತು. ಅವರು ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಏನ್ರಿ ಇದು? ಬನ್ನಿ ಎಲಿ?”

ಗಿರಿಯಪ್ಪನವರು ಗುಂಡಿ ಒತ್ತಿದರು. ಬೂದು ಪುಟ ಬರಲಿಲ್ಲ. ಎಂದಿನ ಚಿತ್ರ ಬಂತು, ಎಂದಿನ ಸಂಗೀತ ಬಂತು. ಗಿರಿಯಪ್ಪನವರು ಕೈ ಒರೆಸಿಕೊಂಡು ಕಡತ ತೆರೆದರು. ಪರದೆಯ ತುಂಬ ಹಸಿರು ನಕಾಶೆ ಹರಡಿತು.

“ದಸರಾದಾಗ ಅದಕ್ಕೂ ಬನ್ನಿ ಕೊಟ್ಟಿದ್ರು ನೋಡ್ರಿ ಇವರು,” ಎಂದರು ಪ್ರಭಾವತಿ ಹಣೆ ಚಚ್ಚಿಕೊಳ್ಳುತ್ತ.

ಲೋಹಿತ ಬಗ್ಗಿ ಮೇಲಿನ ಸಾಲಿನ ಕೀಲಿಯೊಂದನ್ನು ಒತ್ತಿ ನೋಡಿದ. “ಎಲಿ ಇದರ ಬುಡಕ ಸಿಕ್ಕೊಂಡು ಕೀಲಿ ಒತ್ತಿದಂಗ ಕುಂತಿತ್ತು, ಮಾಮಾ. ಚಾಲೂ ಮಾಡೂವಾಗ ಇದನ್ನ ಒತ್ತಿದ್ರನ ಸೆಟಪ್ ಬರೂದು. ಇಷ್ಟ ದಿನ ಅದು ನೀವು ಕೇಳಿದ್ದನ್ನ ಕೊಡಾಕತ್ತಿತ್ತು.”

ಸಭೆ ಗಿರಿಯಪ್ಪನವರ ಮುಖ ನೋಡಿತು. ಬೋಳಾದ ಬಲಗಡೆ ಮೊದಲು ಅದುರಿತು. ಆಮೇಲೆ ಎಡಗಡೆಯ ಮೀಸೆಯ ತುದಿ. ಆಮೇಲೆ ಹೊಟ್ಟೆ.

ಹುಲಗೇಶ ಸೋಲೊಪ್ಪಲಿಲ್ಲ. “ಅದೆಲ್ಲಾ ಇರಲಿ. ಷರತ್ತ ಷರತ್ತ. ದಾನಿಶಾ, ಉಳಿದಿದ್ದೂ ತಗಿ!”

“ಕೈ ಹಚ್ಚಿ ನೋಡು!” ಗಿರಿಯಪ್ಪನವರು ಎಡ ಮೀಸೆಯನ್ನು ಅಂಗೈಯಿಂದ ಮುಚ್ಚಿಕೊಂಡರು. “ಯಂತ್ರ ಎದ್ದೈತಿ, ಷರತ್ತ ಮುಗದೈತಿ. ಲೋಹಿತಾ, ಮ್ಯಾಲ ಏಳು. ಮೇಡಮ್ಮರಿಗೆ ನಕಾಶಿ ಓದಿ ಹೇಳು. ಅದ ಚೀಫ್ ಇಂಜಿನಿಯರ್ ದನಿಯೊಳಗ!”

“ಆದರ ಕಾಕಾ, ಒಂದ ಬಾಜು ಛಲೋ ಕಾಣೂದಿಲ್ರಿ,” ಎಂದ ದಾನಿಶ ಕಸುಬಿನ ಕಳಕಳಿಯಿಂದ. “ಸಮಾ ಮಾಡ್ತೇನಿ, ತಡೀರಿ.”

“ಸಮಾ ಯಾಕ? ನಾಳೆ ಹಿಂಗ ಆಫೀಸಿಗೆ ಹೋಗ್ತೇನಿ. ಕೇಳಿದವ್ರಿಗೆ ಹೇಳ್ತೇನಿ, ಎಡಕಿಂದು ಪಿತ್ರಾರ್ಜಿತ. ಬಲಕ್ಕ ಇನ್ನ ಬರೂದೈತಲ್ಲ, ಅದು ಸ್ವಯಾರ್ಜಿತ!”

ಸುಲ್ತಾನಾ ಮೇಡಂ ಮೊದಲ ಬಾರಿಗೆ ನಕ್ಕರು. ಮುತ್ತವ್ವ ಗೋಡೆ ಬಿಟ್ಟು ತಿರುಗಿ ನಕ್ಕಳು. ಕೊನೆಗೆ ಹುಲಗೇಶರೂ ನಕ್ಕರು. ಆದರೆ ಅವರೆಲ್ಲರ ನಗೆಯನ್ನೂ ಮುಳುಗಿಸಿ, ಪತ್ರಾಸ್ ಅದುರುವಂತೆ ನಕ್ಕವರು ಮಣೆಯ ಮೇಲಿದ್ದ ಗಿರಿಯಪ್ಪನವರು. ಜೊತೆಗಾರನಿಲ್ಲದ ಆ ಅರ್ಧ ಮೀಸೆ ಒಂದೇ ಎರಡರ ಕುಣಿತ ಕುಣಿಯಿತು.